ನಾಲ್ಕು ನಿಮಿಷ ಮುಂಚೆ

ಊರಿನ ಜನ ಅವನಿಗೆ ಇಟ್ಟ ಹೆಸರು ಶ್ಶ್ ಸಾಹೇಬ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವನ ವ್ಯಾನು ಬೀದಿಗೆ ತಿರುಗಿದರೆ ಸಾಕು, ದರ್ಜಿಯಿಂದ ಹಿಡಿದು ಕ್ಷೌರದವನವರೆಗೆ ಎಲ್ಲರೂ ತುಟಿಯ ಮೇಲೆ ಬೆರಳಿಟ್ಟುಕೊಂಡು ನಗುತ್ತಿದ್ದರು. ಊರಾಚೆಯ ಬಯಲಿನಲ್ಲಿ ಆಕಾಶಕ್ಕೆ ಬಾಯಿ ತೆರೆದು ಕೂತ ದೊಡ್ಡ ತಟ್ಟೆಯಂಥ ಆಂಟೆನಾ ಇತ್ತು. ನಕ್ಷತ್ರಗಳ ಕಡೆಯಿಂದ ಯಾರಾದರೂ ಮಾತಾಡಿಯಾರೇನೋ ಎಂದು ಹಗಲೂ ರಾತ್ರಿ ಕಿವಿಗೊಟ್ಟಿರುವುದು ಅದರ ಕೆಲಸ. ಆ ಕಿವಿಗೆ ಊರಿನ ಸದ್ದು, ಅಂದರೆ ಕರೆಂಟಿನ ಉಪಕರಣಗಳು ಹೊರಡಿಸುವ ರೇಡಿಯೊ ಅಲೆ, ಬೀಳದಂತೆ ನೋಡಿಕೊಳ್ಳುವುದು ಇವನ ಕೆಲಸ.

ಕೇಳಲಿಕ್ಕೆ ಚೆಂದ, ಮಾಡಲಿಕ್ಕೆ ಹಿಂಸೆ. ಮೊಬೈಲು, ರೇಡಿಯೊ ಎರಡೂ ಊರಿನಲ್ಲಿ ನಿಷೇಧ. ಅಷ್ಟಾದರೂ ಒಂದು ಮನೆಯ ಕರೆಗಂಟೆ ಕಿರಿಕಿರಿ ಮಾಡುತ್ತದೆ, ಇನ್ನೊಂದು ಅಂಗಡಿಯ ಟ್ಯೂಬ್‌ಲೈಟು. ಒಮ್ಮೆ ಮೂರು ವಾರ ವಿಜ್ಞಾನಿಗಳ ನಿದ್ದೆ ಕೆಡಿಸಿದ ಗುಟ್ಟಿನ ಸಂದೇಶ ಕೊನೆಗೆ ದರ್ಜಿಯ ಹೊಲಿಗೆ ಯಂತ್ರದ ಮೋಟಾರಿನಲ್ಲಿ ಸಿಕ್ಕಿತ್ತು. ಹತ್ತೊಂಬತ್ತು ವರ್ಷದಿಂದ ಇವನು ಬಾಗಿಲು ಬಾಗಿಲಿಗೆ ಹೋಗಿ, ಬೈಸಿಕೊಂಡು, ರಿಪೇರಿ ಮಾಡಿ, ಕಾಗದದಲ್ಲಿ ‘ನಮ್ಮದೇ’ ಎಂದು ಬರೆದು ಸಹಿ ಹಾಕುತ್ತಿದ್ದ. ಅಂದರೆ ಸದ್ದು ಆಕಾಶದ್ದಲ್ಲ, ಭೂಮಿಯದೇ ಎಂದರ್ಥ. ಬರೆದು ಬರೆದು ಅವನಿಗೆ ಆ ಪದವೇ ಕಹಿಯಾಗಿತ್ತು.

ಈ ಸಲದ್ದು ಹಾಗಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಹನ್ನೊಂದು ದಿನದಿಂದ ಮಧ್ಯಾಹ್ನ ಒಂದು ಸಣ್ಣ ಸದ್ದು ಬರುತ್ತಿತ್ತು. ಮೊದಲ ದಿನ ಸರಿಯಾಗಿ ನಾಲ್ಕು ಗಂಟೆಗೆ, ಮರುದಿನ ನಾಲ್ಕು ನಿಮಿಷ ಮುಂಚೆ, ಅದರ ಮರುದಿನ ಇನ್ನೂ ನಾಲ್ಕು ನಿಮಿಷ ಮುಂಚೆ. ದಿನಕ್ಕೆ ನಾಲ್ಕು ನಿಮಿಷ ಮುಂಚೆ ಹುಟ್ಟುವುದು ನಕ್ಷತ್ರಗಳ ಪದ್ಧತಿ. ಮನುಷ್ಯರು ಗಡಿಯಾರ ನೋಡಿಕೊಂಡು ಬದುಕುವವರು, ಅವರ ಯಂತ್ರಗಳಿಗೆ ಈ ಚಾಳಿ ಇಲ್ಲ.

ಆಂಟೆನಾ ಕೇಂದ್ರದ ಮುಖ್ಯಸ್ಥೆ ದೊಡ್ಡ ಮೇಡಂ ಬೆಳಿಗ್ಗೆ ಅವನನ್ನು ಕೋಣೆಗೆ ಕರೆದಿದ್ದರು. ನಿದ್ದೆಯಿಲ್ಲದೆ ಅವರ ಕಣ್ಣುಗಳು ಕೆಂಪಾಗಿದ್ದವು. ಸದ್ದಿನ ಗೆರೆಗಳಿದ್ದ ಕಾಗದವನ್ನು ಅವನ ಮುಂದೆ ಹಿಡಿದರು.

"ನೋಡಿ, ಇಲ್ಲಿ ಸ್ವಲ್ಪ ಹೊತ್ತು ಸದ್ದಿದೆ, ಆಮೇಲೆ ನಿಂತಿದೆ. ಮತ್ತೆ ಸದ್ದು, ಮತ್ತೆ ನಿಂತಿದೆ. ಏನೋ ಕೇಳಿ, ಉತ್ತರಕ್ಕೆ ಕಾಯೋ ಹಾಗಿದೆ. ಯಂತ್ರ ಕಾಯಲ್ಲ ಕಣ್ರೀ."

"ಊರೆಲ್ಲಾ ಜಾಲಾಡಿದೀನಿ ಮೇಡಂ. ಏನೂ ಇಲ್ಲ."

"ಇವತ್ತೊಂದು ದಿನ ನೋಡ್ಬಿಡಿ. ಸಾಯಂಕಾಲ ಐದಕ್ಕೆ ಬೇರೆ ದೇಶದ ಕೇಂದ್ರಗಳಿಗೆಲ್ಲಾ ಪತ್ರ ಹೋಗುತ್ತೆ. ಆಮೇಲೆ ಅದು ಯಾರದೋ ಮಿಕ್ಸಿ ಅಂತ ಗೊತ್ತಾದ್ರೆ ನಾನು ಯಾರಿಗೂ ಮುಖ ತೋರ್ಸೋ ಹಾಗಿಲ್ಲ. ನಿಮ್ಮ ಸಹಿ ನಂಬ್ಕೊಂಡಿದೀನಿ."

ಅವನು ತಲೆಯಾಡಿಸಿ ಹೊರಬಿದ್ದ. ನಿಜ ಹೇಳಬೇಕೆಂದರೆ ಅವನಿಗೂ ಅದು ಆಕಾಶದ್ದೇ ಆಗಿರಲಿ ಎಂಬ ಆಸೆಯಿತ್ತು. ಇಷ್ಟು ವರ್ಷ ಜನರ ಬಾಯಿ ಮುಚ್ಚಿಸಿದ್ದಕ್ಕೆ ಒಂದು ಅರ್ಥ ಬಂದೀತು.

ಮೂರು ಗಂಟೆಯ ಹೊತ್ತಿಗೆ ತಲೆ ಸಿಡಿಯತೊಡಗಿತು. ಮೇಲೆ ಸುಡುವ ಬಿಸಿಲು, ವ್ಯಾನಿನೊಳಗೆ ಸದ್ದು ಪತ್ತೆಹಚ್ಚುವ ಯಂತ್ರದ ಗುಂಯ್‌ಗುಟ್ಟುವಿಕೆ. ಒಂದು ಮಾತ್ರೆ ನುಂಗಿ ಹತ್ತು ನಿಮಿಷ ಅಡ್ಡಾಗೋಣ ಎಂದು ಮನೆಯ ಕಡೆ ವ್ಯಾನು ತಿರುಗಿಸಿದ. ಯಂತ್ರ ಆರಿಸುವುದಕ್ಕೂ ಬೇಸರವಾಗಿ ಹಾಗೇ ಬಿಟ್ಟಿದ್ದ.

ಅವನ ಬೀದಿಗೆ ಬಂದಾಗ ಮೂರು ಹದಿನಾರು. ಯಂತ್ರದ ಮುಳ್ಳು ಎದ್ದು ನಿಂತಿತು.

ಮೊದಲು ಅವನು ಎದುರುಮನೆ ನೋಡಿದ, ಆಮೇಲೆ ಪಕ್ಕದ ಮನೆ. ತನ್ನ ಮನೆಯ ಕಡೆ ವ್ಯಾನಿನ ಪುಟ್ಟ ಆಂಟೆನಾ ತಿರುಗಿಸಲು ಕೈ ಬರಲಿಲ್ಲ. ‘ತೊಂದರೆಯಿಲ್ಲದ ಮನೆಗಳು’ ಎಂಬ ಪಟ್ಟಿಯಲ್ಲಿ ಮೊದಲನೆಯದೇ ಅವನದು. ಹತ್ತೊಂಬತ್ತು ವರ್ಷದ ಹಿಂದೆ ತಾನೇ ಬರೆದದ್ದು, ಅಲ್ಲಿಂದೀಚೆಗೆ ಒಂದು ಸಲವೂ ಅದನ್ನು ಪರೀಕ್ಷಿಸಿರಲಿಲ್ಲ. ಕೊನೆಗೆ ತಿರುಗಿಸಿದ. ಮುಳ್ಳು ಕೊನೆಯವರೆಗೆ ಹೋಗಿ ಅಲ್ಲೇ ಅಂಟಿಕೊಂಡಿತು.

ಒಳಗೆ ಹೆಂಡತಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಕೈಯಲ್ಲಿ ವಾಕಿಟಾಕಿ. ಮೈಕು ಸತ್ತಿದೆಯೆಂದು ನಿಷೇಧದ ಗಡಿಯಾಚೆಯ ಗೇಟಿನ ಕಾವಲುಗಾರರು ಬಿಸಾಕಿದ್ದನ್ನು ಬಿಡಿಭಾಗಕ್ಕೆ ಬಂದೀತೆಂದು ಅವನೇ ತಂದು ಅಟ್ಟಕ್ಕೆ ಹಾಕಿದ್ದ. ಅವಳು ಗುಂಡಿ ಒತ್ತಿ, "ಇವತ್ತು ಹಿಂದಿನ ಮನೆಯವಳು ಬಟ್ಟೆ ಒಣಹಾಕೋಕೆ ಬಂದಾಗ ನಕ್ಕಳು" ಎಂದಳು. ಗುಂಡಿ ಬಿಟ್ಟು, ತಲೆ ಓರೆ ಮಾಡಿ ಕಾದಳು. ಮತ್ತೆ ಒತ್ತಿ, "ಯಾಕೆ ನಕ್ಕಳೋ ಗೊತ್ತಿಲ್ಲ" ಎಂದಳು.

ಬಾಗಿಲಲ್ಲಿ ಅವನನ್ನು ಕಂಡು ಅವಳೇನೂ ಬೆಚ್ಚಲಿಲ್ಲ.

"ಇಷ್ಟು ಬೇಗ ಬಂದ್ರಾ?" ಎಂದಷ್ಟೇ ಕೇಳಿದಳು.

"ಎಷ್ಟು ದಿನದಿಂದ ಇದು?"

"ಹತ್ತು ಹನ್ನೆರಡು ದಿನ ಆಯ್ತೇನೋ. ಕೆಲಸ ಮುಗಿಸಿ, ನಾಲ್ಕು ಗಂಟೆಗೆ ಇದನ್ನ ಹಿಡ್ಕೋತೀನಿ."

"ನಾಲ್ಕಾ? ಈಗಿನ್ನೂ ಮೂರು ಕಾಲು ದಾಟಿದೆ ಅಷ್ಟೇ!"

ಅವಳು ಗೋಡೆಯತ್ತ ಕೈ ತೋರಿಸಿದಳು. ಕೀಲಿ ಕೊಡುವ ಹಳೆಯ ಗಡಿಯಾರ ನಾಲ್ಕು ದಾಟಿದೆ ಎನ್ನುತ್ತಿತ್ತು. "ಅದು ಮುಂದೆ ಓಡುತ್ತೆ. ದಿನಾ ಮೂರೋ ನಾಲ್ಕೋ ನಿಮಿಷ. ಸರಿ ಮಾಡಿಕೊಡಿ ಅಂತ ಎಷ್ಟು ಸಲ ಹೇಳಿದೀನಿ. ನೀವು ಬಂದಾಗ ನಿಮ್ಮ ವಾಚಲ್ಲಿ ಟೈಮೆಷ್ಟು ಅಂತ ಕೇಳಿ ಮುಳ್ಳು ತಿರುಗಿಸಿ ಇಡ್ತಿದ್ದೆ. ಈಗ ಬಿಟ್ಟಿದೀನಿ."

ಅವನಿಗೆ ಆಗ ನೆನಪಾಯಿತು. ಪ್ರತಿ ಸಂಜೆ ಚಪ್ಪಲಿ ಬಿಡುವ ಮುಂಚೆಯೇ "ಟೈಮೆಷ್ಟು ರೀ?" ಎನ್ನುತ್ತಿದ್ದಳು. ಮಾತಿಗೊಂದು ನೆಪ ಎಂದುಕೊಂಡಿದ್ದ. ಅದೂ ಇತ್ತೇನೋ.

"ಯಾಕೆ ಬಿಟ್ಟೆ?"

"ಅವತ್ತೊಂದಿನ ಟೈಮು ಕೇಳ್ದಾಗ, ದಿನವಿಡೀ ಸದ್ದು ಕೇಳಿ ಸಾಕಾಗಿದೆ, ನೀನಾದ್ರೂ ಸುಮ್ನಿರ್ತೀಯಾ ಅಂದ್ರಿ. ಸರಿ, ಸುಮ್ನಾದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"ಇದ್ರಲ್ಲಿ ಆ ಕಡೆಯಿಂದ ಯಾರಾದ್ರೂ ಮಾತಾಡಿದ್ರಾ?"

"ಇಲ್ಲ. ಬರೀ ಸೊಂಯ್ ಅನ್ನುತ್ತೆ." ಅವಳು ಅದನ್ನು ಸೆರಗಿನಿಂದ ಒರೆಸಿದಳು. "ಆದ್ರೆ ಸುಮ್ನಿರು ಅಂತಲೂ ಯಾರೂ ಅನ್ನಲಿಲ್ಲ."

ನಡುಮನೆಯ ತಂತಿ ಫೋನಿನಿಂದ ಅವನು ಕೇಂದ್ರಕ್ಕೆ ಕರೆ ಮಾಡಿದ. ಹೇಳದೆ ಇದ್ದುಬಿಡಬಹುದಿತ್ತು. ಹಾಗೆ ಒಂದು ಗಳಿಗೆ ಅನಿಸಿತು ಕೂಡ. ಆದರೆ ಜಗತ್ತಿನ ಮುಂದೆ ಮೇಡಂ ನಗೆಪಾಟಲಾಗುವುದು ಅವನಿಗೆ ಬೇಕಿರಲಿಲ್ಲ.

"ಪತ್ರ ಕಳಿಸ್ಬೇಡಿ ಮೇಡಂ. ನಮ್ಮದೇ."

ಆ ಕಡೆಯಿಂದ "ಯಾರ ಮನೆ?" ಎಂಬ ಬಳಲಿದ ಪ್ರಶ್ನೆ ಬಂತು.

"ನಮ್ಮದೇ ಅಂದ್ನಲ್ಲ ಮೇಡಂ. ನಮ್ಮ ಮನೆ. ನನ್ನ ಹೆಂಡ್ತಿ."

ಅವನು ಎಲ್ಲವನ್ನೂ ಹೇಳಿದ, ಗಡಿಯಾರದ್ದನ್ನೂ ಸೇರಿಸಿ. ಬೈಗುಳಕ್ಕೆ ಕಾದ. ಮೇಡಂ ನಕ್ಕರೋ ಅತ್ತರೋ ಗೊತ್ತಾಗದ ಒಂದು ಉಸಿರು ಬಿಟ್ಟರು.

"ಅಂದ್ರೆ ನಿಜವಾಗ್ಲೂ ಕಾಯ್ತಾನೇ ಇದ್ರು," ಎಂದರು. "ನಾಳೆ ರಜ ತಗೊಳ್ಳಿ." ಫೋನು ಇಟ್ಟರು.

ಅವನು ಅಡುಗೆಮನೆಗೆ ಬಂದು, ನಿಯಮದ ಪ್ರಕಾರ ವಾಕಿಟಾಕಿಯ ಬ್ಯಾಟರಿ ತೆಗೆದ. ಅವಳು ತಡೆಯಲಿಲ್ಲ. ಅವನು ಸ್ಟೂಲು ಎಳೆದುಕೊಂಡು ಅವಳೆದುರು ಕೂತ. ಮದುವೆಯಾಗಿ ಇಪ್ಪತ್ತಾರು ವರ್ಷ. ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯಲಿಲ್ಲ.

"ಇಷ್ಟು ದಿನ ಏನೇನು ಹೇಳ್ದೆ ಅದ್ರಲ್ಲಿ? ನನಗೂ ಹೇಳು. ಕೇಳ್ತೀನಿ."

ಅವಳು ಅವನ ಮುಖ ನೋಡಿದಳು. ಕೇಳುವ ಮನಸ್ಸು ನಿಜಕ್ಕೂ ಇದೆ ಎಂದು ಅವಳಿಗೆ ಕಂಡಿರಬೇಕು, ಅದಕ್ಕೇ ದನಿ ಮೆತ್ತಗಾಯಿತು.

"ಮತ್ತೆ ಯಾಕೆ ಬಿಡಿ," ಎಂದಳು. "ಮನಸ್ಸಲ್ಲಿದ್ದದ್ದೆಲ್ಲಾ ಹೇಳಿ ಆಯ್ತು. ಎಲ್ಲೋ ದೂರದಲ್ಲಿ ಯಾರಿಗೋ ಒಬ್ಬರಿಗೆ ಕೇಳಿಸಿರುತ್ತೆ. ಅಷ್ಟು ಸಾಕು ನನಗೆ."

ಅವಳು ಒಣಗಿದ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದಳು. ಮೈಕು ಸತ್ತ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಅವನು ಕೂತೇ ಇದ್ದ. ಗುಂಡಿ ಒತ್ತಿದ್ದು, ಬಿಟ್ಟದ್ದು ಮಾತ್ರ ಆಕಾಶಕ್ಕೆ ಹೋಗಿದೆ, ಅವಳ ಮಾತು ಒಂದೂ ಹೋಗಿಲ್ಲ ಎಂಬುದನ್ನು ಅವಳಿಗೆ ಹೇಳುವ ಧೈರ್ಯ ಅವನಿಗೆ ಬರಲಿಲ್ಲ.