ಬದುಕಿ ಬಂದ ಕಟಿಂಗ್ ಮಾಸ್ತರ

ಎಂಬತ್ತೈದನೇ ಇಸವಿಯ ಲಗ್ನದ ಹಂಗಾಮಿನಲ್ಲಿಯೇ ಖಾನಾಪುರದ ದರ್ಜಿ ದುಂಡಪ್ಪನ ಎದೆಯಲ್ಲಿ ನೀರು ತುಂಬಿತು. ಸೂಜಿ ಹಾಕಿ ತೆಗೆದರೂ ಮತ್ತೆ ತುಂಬಿತು. ಕ್ಯಾನ್ಸರೋ ಏನೋ, ಒಳಗೇ ನೋಡಬೇಕು ಎಂದರು ಬೆಳಗಾವಿಯ ಡಾಕ್ಟರು. ನೋಡುವುದೆಂದರೆ ಎದೆ ಸೀಳುವುದೆಂದೇ ದುಂಡಪ್ಪ ತಿಳಿದ. ಬಿಡಿಸಿ ಕೇಳುವ ಧೈರ್ಯ ಎಲ್ಲಿತ್ತು?

ಹೆದರಿದವನು ಸುಮ್ಮನೆ ಹೆದರಬೇಕಿತ್ತು. ಇವನು ದೊಡ್ಡ ಮನುಷ್ಯನಾಗಲು ಹೋದ. ಓಣಿಯವರನ್ನೆಲ್ಲ ಅಂಗಡಿಗೆ ಕರೆದು, ಹೆಂಡತಿ ಚಂದ್ರವ್ವನ ಕೈಗೆ ಕತ್ತರಿ ಕೊಟ್ಟ. ಮದುವೆಯಾದಾಗಿನಿಂದ ಅವಳು ಮಷೀನು ತುಳಿದಿದ್ದಳು, ಗುಂಡಿ ಹಚ್ಚಿದ್ದಳು. ಬಟ್ಟೆ ಕತ್ತರಿಸಲು ಮಾತ್ರ ಬಿಟ್ಟಿರಲಿಲ್ಲ. ಅಂಗಡಿಗೆ ಕಟಿಂಗ್ ಮಾಸ್ತರ ಒಬ್ಬನೇ ಎಂಬುದು ಅವನ ಹಟ.

“ಇನ್ನ ಇದು ನಿಂದು. ಲಗ್ನದ ಬಟ್ಟಿ ಅದಾವ, ನೀ ದವಾಖಾನಿಗೆ ಬರಬ್ಯಾಡ,” ಎಂದು ಅಳುತ್ತಲೇ ತನ್ನ ಅಕ್ಕ ಸಾತವ್ವನ ಜೊತೆ ಬೆಳಗಾವಿಗೆ ಹೊರಟ. ತನ್ನ ಸಾವಿಗೆ ತಾನೇ ಅತ್ತ ಮೊದಲನೆಯವನು ನಾನೇ ಇರಬೇಕು ಎಂದು ಆಮೇಲೆ ಅವನೇ ನಗುತ್ತಿದ್ದ.

ಡಾಕ್ಟರು ಮಗ್ಗುಲನ್ನಷ್ಟೇ ಮರಗಟ್ಟಿಸಿ, ಪಕ್ಕೆಲುಬುಗಳ ನಡುವೆ ಬೆರಳು ಹೋಗುವಷ್ಟು ತೂತು ಮಾಡಿ, ದೀಪದ ಕೊಳವೆ ಇಳಿಸಿ ನೋಡತೊಡಗಿದರು. ಎಚ್ಚರವಾಗಿಯೇ ಇದ್ದ ದುಂಡಪ್ಪ ಕೇಳಿದ, “ಸೀಳೋದು ಯಾವಾಗ್ರಿ?”

“ಸೀಳೋದಿಲ್ಲೋ, ಇಷ್ಟ. ಒಳಗ ಸಾಬೂದಾಣಿ ಹಂಗ ಗುಳ್ಳಿ ಕಾಣಾಕತ್ತಾವ. ಚೂರು ತಗದು ತಪಾಸಣಿಗೆ ಕಳಸತೀವಿ.”

ತಪಾಸಣೆಯಲ್ಲಿ ಟಿ.ಬಿ. ಎಂದು ಬಂತು, ಗುಳಿಗೆಯಿಂದ ವಾಸಿಯಾಗುವ ರೋಗ. ದುಂಡಪ್ಪನಿಗೆ ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಕತ್ತರಿಯ ನೆನಪೂ ಬಂತು.

ಊರಿಗೆ ಬಂದರೆ ಅಂಗಡಿಯಲ್ಲಿ ಹೆಂಗಸರ ಗದ್ದಲ. ಚಂದ್ರವ್ವ ಖಣದ ಕುಪ್ಪಸ ಕತ್ತರಿಸುತ್ತಿದ್ದಳು. ತಪ್ಪು ಹುಡುಕಲು ಬಗ್ಗಿ ನೋಡಿದ. ಸಿಗಲಿಲ್ಲ, ಅದಕ್ಕೆ ಇನ್ನಷ್ಟು ಉರಿಯಿತು.

“ಕತ್ತರಿ ತಾ ಇಲ್ಲೆ.”

ಅವಳು ತಡಮಾಡದೆ ಕೊಟ್ಟು ಮಷೀನಿನ ಕಡೆ ನಡೆದಳು. ಸಾಯಲು ಹೊರಟವನು ಎಷ್ಟು ಧಾರಾಳಿ, ಬದುಕಿ ಬಂದವನು ಎಂಥ ಜಿಪುಣ ಎಂದು ದುಂಡಪ್ಪನಿಗೆ ತನ್ನ ಮೇಲೇ ನಾಚಿಕೆಯಾಯಿತು.

“ಸಿಟ್ಟ ಬಂತೇನ?”

“ಎದಕ್ಕ ಸಿಟ್ಟ್ರೀ? ಬದುಕಿ ಬರಲಿ, ಬಂದು ನನ್ನ ಕತ್ತರಿ ಕೊಡು ಅಂತ ಕೇಳಲಿ ಅಂತ ದಿನಾ ಬಸವಣ್ಣಗ ಬೇಡಿಕೊಂಡೀನಿ.” ಕಣ್ಣು ಒರೆಸಿಕೊಂಡಳು.

ದುಂಡಪ್ಪ ಕತ್ತರಿಯನ್ನು ಖಣದ ಮೇಲೆ ಇಟ್ಟು, ಅವಳಿಗಿಂತ ಮೊದಲೇ ಹೋಗಿ ಮಷೀನಿಗೆ ಕುಳಿತ. ಆದರೂ ಬಾಯಿ ಸುಮ್ಮನಿರಲಿಲ್ಲ.

“ಕೊರಳು ಜರಾ ಸಣ್ಣ ಇಡು.”

“ಅದು ನನಗ ಗೊತ್ತೈತ್ರಿ. ನೀವು ಸುಮ್ನ ಹೊಲೀರಿ.”

ದುಂಡಪ್ಪ ಸುಮ್ಮನೆ ಹೊಲಿದ.