ಗಂಡು ಮಾಡುವ ಮೇವು

“ಬಾಯಿ ಬಿಡಿಸೇ ಮುಂಡೆ, ಅದಕ್ಕೇನು ಮುತ್ತು ಕೊಡ್ತಾ ನಿಂತಿದ್ದೀಯಾ?”

ದಂಡೆಯ ಮೇಲೆ ಛತ್ರಿ ಹಿಡಿದು ನಿಂತಿದ್ದ ಸೂಪರ್‌ವೈಸರ್ ಹೀಗೆ ಕೂಗಿದ್ದು ನನ್ನ ತಂಗಿಗೆ. ಅವಳು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಒಂದು ತಾಯಿ ಮೀನನ್ನು ಎದೆಗೊತ್ತಿ ಹಿಡಿದಿದ್ದಳು. ನಾವು ಸಾಕುವ ಈ ಜಾತಿಯ ಮೀನು ಮೊಟ್ಟೆಯನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಹತ್ತು ಹನ್ನೆರಡು ದಿನ ಏನೂ ತಿನ್ನದೆ ಬಾಯಿ ಮುಚ್ಚಿಕೊಂಡಿರುತ್ತದೆ. ನಮ್ಮ ಕೆಲಸವೆಂದರೆ ಬಲೆಯಿಂದ ಅದನ್ನು ಎತ್ತಿ, ದವಡೆಗೆ ಬೆರಳು ಕೊಟ್ಟು ಬಾಯಿ ಅಗಲಿಸಿ, ಬಟ್ಟಲಿನ ನೀರಿನಲ್ಲಿ ಅಲ್ಲಾಡಿಸುವುದು. ಹಳದಿ ಮೊಟ್ಟೆಗಳು ಉದುರುತ್ತವೆ. ಕೆಲವು ಏನು ಮಾಡಿದರೂ ಬಾಯಿ ಬಿಡುವುದಿಲ್ಲ. ಆಗ ಒಳಗೆ ಬೆರಳು ತೂರಿಸಿ ಕೆರೆಯಬೇಕು. ಲೋಳೆ, ರಕ್ತ, ಮೊಟ್ಟೆ ಎಲ್ಲ ಒಟ್ಟಿಗೆ ಕೈಗೆ ಬರುತ್ತದೆ. ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ, ಇವತ್ತಿಗೂ ನನಗೆ ಅದು ಹೇಸಿಗೆಯೇ.

ತಂಗಿ ಕಣ್ಣು ಮುಚ್ಚಿಕೊಂಡು ಬೆರಳು ಹಾಕಿದಳು. ಮೀನು ಕೊಸರಾಡಿತು. ಅವಳು ಪಕ್ಕಕ್ಕೆ ತಿರುಗಿ ಕೊಳದ ನೀರಿಗೇ ವಾಂತಿ ಮಾಡಿಕೊಂಡಳು.

“ಥೂ, ಹೊಲಸು ಜನ. ಆ ನೀರಿನ ರೇಟು ಗೊತ್ತೇನೇ ನಿಂಗೆ?”

ಈ ಸೂಪರ್‌ವೈಸರನಿಗೆ ನಾವು ಇಟ್ಟ ಹೆಸರು ಬಾಲಂಗೋಚಿ. ಸಾವ್ಕಾರ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಇಡೀ ಮರಿ ಕೇಂದ್ರ ಸಾವ್ಕಾರನದು. ಕೊಳ, ಮೊಟ್ಟೆ ಮರಿಯಾಗುವ ಜಾಡಿಗಳ ಶೆಡ್ಡು, ಮೇವಿನ ಕೋಣೆ, ನಾವು ಮಲಗುವ ಒಂದೊಂದು ಕೋಣೆಯ ಸಾಲುಮನೆ, ಎಲ್ಲ. ಕೆಲಸ ಹೋದರೆ ಸಂಜೆಯೊಳಗೆ ಕೋಣೆಯೂ ಖಾಲಿಯಾಗಬೇಕು.

ಇಲ್ಲಿ ಎಲ್ಲಕ್ಕೂ ಅಳತೆ ಇದೆ. ನೀರಿನ ಬಿಸಿಗೆ ಅಳತೆ, ಗಾಳಿಗೆ ಅಳತೆ, ಮೀನಿನ ಮೇಲೆ ಬೀಳುವ ಬೆಳಕಿಗೆ ಅಳತೆ. ನಮ್ಮ ಅಳತೆಗೆ ಜಾಡಿ ಶೆಡ್ಡಿನ ಬಾಗಿಲಲ್ಲಿ ಒಂದು ಬಿಳೀ ಬೋರ್ಡು. ಒಂಬತ್ತು ಹೆಂಗಸರು, ಒಂಬತ್ತು ನಂಬರು. ಮುಟ್ಟಾದ ದಿನ ನಂಬರಿನ ಮುಂದೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಬೇಕು, ಐದು ದಿನ ಮೊಟ್ಟೆಯ ಹತ್ತಿರ ಸುಳಿಯಬಾರದು. ಮುಟ್ಟಾದವಳ ಕೈ ತಾಗಿದರೆ ಮೊಟ್ಟೆ ಕೊಳೆಯುತ್ತದೆ ಎಂದು ಸಾವ್ಕಾರನಿಗೆ ಯಾರು ಹೇಳಿದರೋ. ಆ ಐದು ದಿನ ಖಾಲಿ ಮಾಡಿದ ಕೊಳದ ಕೆಸರು ಎತ್ತಬೇಕು. ಬರುವ ಹೋಗುವ ಲಾರಿ ಡ್ರೈವರುಗಳೆಲ್ಲ ಆ ಬೋರ್ಡು ಓದಿಕೊಂಡೇ ಹೋಗುತ್ತಿದ್ದರು.

ಎರಡು ತಿಂಗಳು ಗುರುತು ಬೀಳದಿದ್ದರೆ ಬಸುರಿ ಎಂದೇ ತೀರ್ಮಾನ. ಬಸುರಿಗೆ ಇಲ್ಲಿ ಕೆಲಸವಿಲ್ಲ.

“ಇಲ್ಲಿ ಬಸುರಾಗೋಕೆ ಮೀನಿಗೆ ಮಾತ್ರ ಪರ್ಮಿಷನ್ನು,” ಎನ್ನುತ್ತಿದ್ದಳು ಬಜಾರಿ. ಅವಳ ಬಾಯಿಗೆ ಹೆದರಿ ಯಾರೋ ಇಟ್ಟ ಹೆಸರು, ಅವಳೂ ಅದನ್ನೇ ಹೇಳಿಕೊಳ್ಳುತ್ತಿದ್ದಳು. ಗಂಡ ಸತ್ತು ಆರು ವರ್ಷವಾಗಿತ್ತು.

ಬೆಳಗ್ಗೆ ಒಂಬತ್ತೂ ಜನ ಕೊಳದಲ್ಲಿ. ಆಮೇಲೆ ಆರು ಜನ ಜಾಡಿಗಳ ಕಡೆ ಹೋದರೆ ನಾನು, ತಂಗಿ, ಬಜಾರಿ ಮೂವರು ಮೇವಿನ ಕೋಣೆಗೆ. ಈ ಮೀನಿನಲ್ಲಿ ಗಂಡು ಬೇಗ ದಪ್ಪವಾಗುತ್ತದೆ, ಹೆಣ್ಣು ಮೊಟ್ಟೆ ಮರಿ ಎಂದು ಸೊರಗಿಕೊಂಡು ಕೂರುತ್ತದೆ. ಹಾಗಾಗಿ ಕೊಳ್ಳುವವರಿಗೆಲ್ಲ ಗಂಡು ಮರಿಯೇ ಬೇಕು. ಹುಟ್ಟಿದ ಮರಿಗೆ ಮೂರು ನಾಲ್ಕು ವಾರ ಒಂದು ಔಷಧಿ ಬೆರೆಸಿದ ಮೇವು ಹಾಕಿದರೆ ಹೆಣ್ಣೂ ಗಂಡಾಗಿಬಿಡುತ್ತದೆ. ಮೀನು ಡಾಕ್ಟರು ಆ ಬಿಳಿ ಪುಡಿಯನ್ನು ತೂಗಿ, ಸ್ಪಿರಿಟ್ಟಿನಲ್ಲಿ ಕರಗಿಸಿ ತಂದುಕೊಡುತ್ತಿದ್ದರು. ಒಣಮೀನಿನ ಹಿಟ್ಟಿಗೆ ಅದನ್ನು ಸುರಿದು, ಮೊಣಕೈವರೆಗೆ ಕೈ ಹಾಕಿ, ಗಂಟಿಲ್ಲದಂತೆ ಕಲಸುವುದು ನಾವು. ಗಂಡು ಪುಡಿ ಎನ್ನುತ್ತಿದ್ದೆವು ಅದಕ್ಕೆ. ಡಾಕ್ಟರು ಬರುವಾಗ ಕೈಗೆ ರಬ್ಬರ್ ಗ್ಲೌಸು, ಮೂಗಿಗೆ ಬಟ್ಟೆ.

“ನಮ್ಮ ನಾತ ಆಗಲ್ಲ ಕಣೇ ಡಾಕ್ಟ್ರಿಗೆ,” ಎಂದು ಬಜಾರಿ ನಗುತ್ತಿದ್ದಳು. ನಾವೂ ಹಾಗೇ ತಿಳಿದಿದ್ದೆವು. ಮೈ ನಾರುವುದು ಸುಳ್ಳಲ್ಲವಲ್ಲ. ತಲೆಗೆ ಎಷ್ಟು ನೀರು ಹುಯ್ದುಕೊಂಡರೂ ಊಟದ ತಟ್ಟೆಯಲ್ಲೂ ಅದೇ ನಾತ.

ಒಮ್ಮೆ ನಾನು ಕೇಳಿದ್ದೆ. “ಇದು ನಮಗೇನೂ ಮಾಡಲ್ವಾ ಡಾಕ್ಟ್ರೇ?”

“ಮೀನಿಗೆ ಮಾತ್ರ ಹಿಡಿಯೋ ಔಷಧಿ ಇದು. ನೀನೇನು ಮೀನಾ?” ಎಂದಿದ್ದರು.

ನನಗೆ ಮೂವತ್ತೆಂಟು. ಏಳು ತಿಂಗಳಿಂದ ಮುಟ್ಟು ನಿಂತಿತ್ತು. ಗದ್ದದಲ್ಲಿ ಒರಟು ಕೂದಲು ಬರಲು ಶುರುವಾಗಿ, ಬೆಳಗ್ಗೆ ಗಂಡ ಏಳುವ ಮುಂಚೆ ಕಿತ್ತುಕೊಳ್ಳುತ್ತಿದ್ದೆ. ವಯಸ್ಸು ಬೇಗ ಬಂತು, ನನ್ನ ಹಣೆಬರಹ, ಎಂದುಕೊಂಡೆ. ಯಾರ ಹತ್ತಿರ ಹೇಳಿಕೊಳ್ಳಲಿ? ಬೋರ್ಡಿನಲ್ಲಿ ಗುರುತಿಲ್ಲದಿದ್ದರೆ ಕೆಲಸ ಹೋಗುತ್ತದೆ. ತಿಂಗಳಿಗೊಮ್ಮೆ ಸುಳ್ಳು ಗುರುತು ಹಾಕಿ, ಐದು ದಿನ ಸುಮ್ಮನೆ ಕೆಸರು ಎತ್ತಿ ಬರುತ್ತಿದ್ದೆ.

ತಂಗಿಯೂ ಸುಳ್ಳು ಗುರುತು ಹಾಕುತ್ತಿದ್ದಾಳೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಅವಳ ಕಾರಣ ಬೇರೆ. ಅವಳಿಗೆ ಇಪ್ಪತ್ಮೂರು, ಮದುವೆಯಾಗಿ ಒಂದೂವರೆ ವರ್ಷ.

“ಅಕ್ಕ, ಐದು ತಿಂಗಳಾಯ್ತು,” ಎಂದಿದ್ದಳು ಹಿಂದಿನ ವಾರ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. “ಯಾರಿಗೂ ಹೇಳ್ಬೇಡ. ಏಳನೇ ತಿಂಗಳವರೆಗೂ ಹೆಂಗಾದ್ರೂ ತಳ್ತೀನಿ.”

“ಆಸ್ಪತ್ರೆಗೆ ತೋರ್ಸಿದ್ಯಾ?”

“ರಜಾ ಕೇಳಿದ್ರೆ ಯಾಕೆ ಅಂತಾರೆ. ವಾಂತಿ ಆಗ್ತಾ ಇದೆಯಲ್ಲ, ಇನ್ನೇನು ತೋರ್ಸೋದು? ಅತ್ತೆ ಆಗಲೇ ಹಳೇ ಸೀರೆ ಹರಿದು ಮೆತ್ತನೆ ಬಟ್ಟೆ ಮಾಡಿಟ್ಟಿದ್ದಾರೆ.”

ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ. ಮೊದಲ ಬಸಿರು, ತೆಳ್ಳನೆ ಮೈ, ಕೆಲವರಿಗೆ ಹಾಗೇ ಎಂದು ನಾನೇ ಸಮಾಧಾನ ಹೇಳಿದ್ದೆ. ದನಿ ಒಡೆದಿದ್ದಕ್ಕೆ ಕೊಳದ ತಂಡಿ ಎಂದಿದ್ದೆ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಅವಳು ಕೊಳದಲ್ಲಿ ವಾಂತಿ ಮಾಡಿದ ಆ ದಿನವೇ ಹನ್ನೆರಡು ಜಾಡಿಗಳ ಮೊಟ್ಟೆ ಕೆಟ್ಟಿದ್ದು ಗೊತ್ತಾಯಿತು. ಜಾಡಿಯಲ್ಲಿ ಕೆಳಗಿಂದ ನೀರು ನುಗ್ಗಿ ಮೊಟ್ಟೆ ಸದಾ ಉರುಳುತ್ತಿರಬೇಕು. ಹಿಂದಿನ ದಿನ ಕರೆಂಟು ಹೋಗಿ ಪಂಪು ನಿಂತಿತ್ತು. ಡೀಸೆಲ್ ಉಳಿಸಬೇಕೆಂದು ಬಾಲಂಗೋಚಿ ಜನರೇಟರ್ ಹಾಕಿಸಲಿಲ್ಲ. ಮೊಟ್ಟೆಯೆಲ್ಲ ತಳದಲ್ಲಿ ಗಡ್ಡೆ ಕಟ್ಟಿ, ಬೆಳ್ಳಗೆ ಬೂಷ್ಟು ಹಿಡಿದು, ಬಾಗಿಲು ತೆಗೆದರೆ ಕೊಳೆತ ನಾತ. ಸಾವ್ಕಾರ ಕರ್ಚೀಫು ಮುಚ್ಚಿಕೊಂಡು ಒಳಗೆ ಬಂದ.

“ಯಾವಳೋ ಗುರುತು ಹಾಕ್ದೇ ಕೈ ಇಟ್ಟಿದ್ದಾಳೆ ಸಾವ್ಕಾರ್ರೇ,” ಎಂದ ಬಾಲಂಗೋಚಿ.

“ಯಾರು?”

“ಕೇಳಿದ್ರೆ ಹೇಳ್ತಾವಾ ಇವು?”

“ಹಾಗಾದ್ರೆ ನೋಡಿಸು. ಸಿಕ್ಕಿದವಳು ಇವತ್ತೇ ಗಂಟು ಕಟ್ಟಲಿ.”

ನಮ್ಮನ್ನೆಲ್ಲ ಮೇವಿನ ಕೋಣೆಗೆ ತಂದು ನಿಲ್ಲಿಸಿದರು. ಬಜಾರಿ ಎರಡು ದಿನದ ಹಿಂದೆ ಗುರುತು ಹಾಕಿ ಕೆಸರಿನಲ್ಲಿದ್ದಳು, ಲೆಕ್ಕ ತಪ್ಪಬಾರದೆಂದು ಅವಳನ್ನೂ ಎಳೆತಂದರು. ಹಿಟ್ಟಿನ ಮೂಟೆಗಳ ಹಿಂದೆ ಒಂದು ತಾಡಪಾಲು ಕಟ್ಟಿದರು. ಒಳಗೆ ನೋಡುವ ಕೆಲಸ ಆಫೀಸಿನ ಕಸ ಗುಡಿಸುವ ಅಜ್ಜಿಗೆ. ಬಾಲಂಗೋಚಿ ಈಚೆಗೆ ನಿಂತು ನಂಬರು ಕೂಗಿದ.

ನನ್ನ ಸರದಿ ಬಂದಾಗ ಅಜ್ಜಿ ಕಣ್ಣು ಮೇಲೆತ್ತಲಿಲ್ಲ. “ಸೀರೆ ಎತ್ತವ್ವ. ನನ್ನ ಬಯ್ಕೋಬೇಡ, ನಂಗೂ ಹೊಟ್ಟೆ ಇದೆ,” ಎಂದಳು. ಮೀನಿನ ಬಾಯಿಗೆ ನಾನು ಹಾಕುವ ಬೆರಳು ನೆನಪಾಯಿತು.

“ಜೋರಾಗಿ ಹೇಳಮ್ಮ,” ಆಚೆಯಿಂದ ಬಾಲಂಗೋಚಿ.

“ಇಲ್ಲ ಸಾರ್. ಒಣಗಿದೆ.”

ಒಬ್ಬೊಬ್ಬರೇ ಹೋಗಿ ಬಂದರು. ಯಾರದೂ ಇಲ್ಲ. ಕೊನೆಗೆ ಬಜಾರಿ ಹೋದಳು. ಬಾಲಂಗೋಚಿ ತಾಡಪಾಲಿಗೆ ಕಿವಿ ಕೊಟ್ಟ.

“ಏನಮ್ಮಾ?”

“ಇವಳದೂ ಒಣಗಿದೆ ಸಾರ್.”

ಬಾಲಂಗೋಚಿ ತಾಡಪಾಲು ಸರಿಸಿಯೇ ಬಿಟ್ಟ. ಬಜಾರಿ ಸೀರೆ ಇಳಿಸಿಕೊಳ್ಳುತ್ತಿದ್ದಳು. “ಗುರುತು ಹಾಕಿ ಎರಡು ದಿನ ಆಗಿಲ್ಲ. ಎಲ್ಲೇ? ಯಾರಿಗೇ ಟೋಪಿ ಹಾಕ್ತೀಯಾ?”

“ಹೋದ ಮಳೆಗಾಲದಿಂದ ನಂಗೆ ಆಗಿಲ್ಲ ಕಣೋ, ಬೋಳಿಮಗನೇ. ಹೇಳಿದ್ರೆ ಓಡಿಸ್ತೀಯಾ ಅಂತ ಹಾಕ್ತಿದ್ದೆ.”

“ಹಾಗಾದ್ರೆ ಬಸುರಿ. ಗಂಡ ಸತ್ತೋನು ಎದ್ದು ಬಂದಿದ್ನಾ?”

“ನಿಮ್ಮಪ್ಪ ಬಂದಿದ್ದ, ಹೋಗಿ ಕೇಳು. ಹತ್ತು ತಿಂಗಳಾಯ್ತಲ್ಲೋ, ಹೊಟ್ಟೆ ಎಲ್ಲೋ ಕುರುಡ?”

ಯಾರೋ ಒಬ್ಬಳು ನಕ್ಕಳು. ನನಗೆ ನಗು ಬರಲಿಲ್ಲ. ನನ್ನ ಬಾಯಿ ತಾನಾಗಿ ತೆರೆಯಿತು.

“ನಂಗೂ ಇಲ್ಲ. ಏಳು ತಿಂಗಳಿಂದ.”

ಬಜಾರಿ ತಿರುಗಿ ನನ್ನ ಮುಖ ನೋಡಿದಳು, ನನ್ನ ಗದ್ದ ನೋಡಿದಳು. ಅವಳ ಕೈ ತನ್ನ ಗದ್ದಕ್ಕೆ ಹೋಯಿತು. ನಾವಿಬ್ಬರೂ ಒಟ್ಟಿಗೇ ತಂಗಿಯ ಕಡೆ ನೋಡಿದೆವು. ಗೋಡೆಗೊರಗಿ ನಿಂತಿದ್ದ ಅವಳ ಮೇಲ್ದುಟಿಯ ಮೇಲೆ ಸಣ್ಣಗೆ ಕಪ್ಪು ಗೆರೆ. ದಿನಾ ನೋಡುತ್ತಿದ್ದ ಮುಖವೇ ಅದು.

ಜಾಡಿಯ ಆರೂ ಜನ ಗುಸುಗುಸು ಶುರು ಮಾಡಿದರು. ಅವರಿಗೆ ಎಲ್ಲ ಸರಿಯಾಗಿಯೇ ಆಗುತ್ತಿತ್ತು. ನಿಂತಿದ್ದು ಮೇವು ಕಲಸುವ ಮೂವರಿಗೆ ಮಾತ್ರ.

ಗಲಾಟೆ ಕೇಳಿ ಡಾಕ್ಟರೂ ಹಿಂದೆಯೇ ಸಾವ್ಕಾರನೂ ಬಂದರು. ಬಾಲಂಗೋಚಿ ವರದಿ ಒಪ್ಪಿಸಿದ. ಡಾಕ್ಟರ ಮುಖ ಸುಣ್ಣ ಬಳಿದಂತಾಯಿತು. ಸಾವ್ಕಾರನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು, ಕೋಣೆ ಚಿಕ್ಕದು, ಎಲ್ಲರಿಗೂ ಕೇಳಿಸಿತು.

“ಪುಡಿಯಿಂದ ಇರ್ಬೇಕು ಸಾರ್. ಬರಿ ಕೈಯಲ್ಲಿ ಕಲಸಿದ್ರೆ ಚರ್ಮದಿಂದ ಒಳಗೆ ಇಳಿಯುತ್ತೆ. ನಾನು ಅವತ್ತೇ ಗ್ಲೌಸ್ ತರಿಸಿ ಅಂದಿದ್ದೆ.”

“ಅಂದ್ರೆ ಇವರಿಗೆ ಮುಟ್ಟೇ ಆಗಲ್ವಾ?”

“ಆಗಲ್ಲ. ಬಸಿರೂ ನಿಲ್ಲೋದು ಕಷ್ಟ.”

ಸಾವ್ಕಾರನ ಮುಖ ಅರಳಿತು. ನಿಜವಾಗಿ ಅರಳಿತು, ನಾನು ಕಣ್ಣಾರೆ ನೋಡಿದೆ.

“ಮತ್ತೆ ಒಳ್ಳೇದೇ ಆಯ್ತಲ್ರೀ. ಗುರುತಿನ ರಗಳೆನೇ ಇಲ್ಲ. ಇನ್ಮೇಲೆ ಜಾಡಿಗೂ ಇವರನ್ನೇ ಹಾಕಿ. ಉಳಿದವರಿಗೂ ಸರದಿ ಮೇಲೆ ಮೇವು ಕಲಸೋಕೆ ಹಚ್ಚಿ.”

“ಭೇಷಾಯ್ತು ಸಾವ್ಕಾರ್ರೇ,” ಎಂದ ಬಾಲಂಗೋಚಿ.

ತಂಗಿ ನನ್ನ ರಟ್ಟೆ ಹಿಡಿದಳು. “ಅಕ್ಕ, ಡಾಕ್ಟ್ರು ಏನಂದ್ರು? ನಂದು ಐದು ತಿಂಗಳಲ್ವಾ? ನನ್ನ ಹೊಟ್ಟೇಲಿ ಇದೆಯಲ್ಲ ಅಕ್ಕ?”

ವರ್ಷದ ಹಿಂದೆ ಅವಳನ್ನು ಈ ಕೆಲಸಕ್ಕೆ ಸೇರಿಸಿದವಳೇ ನಾನು. ನೆರಳಿನ ಕೆಲಸ, ಆರಾಮು, ಎಂದು ಮೇವಿನ ಕೋಣೆಗೆ ಹಾಕಿಸಿದವಳೂ ನಾನು.

ಕಾಲ ಬುಡದಲ್ಲಿ ಬೆಳಗ್ಗೆ ಔಷಧಿ ಸುರಿದಿಟ್ಟ ಹಿಟ್ಟಿನ ಬೇಸಿನ್ ಇತ್ತು, ಇನ್ನೂ ಹಸಿ. ನಾನು ಬಗ್ಗಿ ಎರಡೂ ಕೈ ತುಂಬ ತೆಗೆದುಕೊಂಡೆ. ಯಾರಿಗೂ ಅನುಮಾನ ಬರಲಿಲ್ಲ, ದಿನಾ ಮಾಡುವುದೇ ಅದನ್ನಲ್ಲವೇ. ನಾಲ್ಕು ಹೆಜ್ಜೆ ಹೋಗಿ ಸಾವ್ಕಾರನ ಮುಖಕ್ಕೆ ಮೆತ್ತಿದೆ. ಕೆನ್ನೆಗೆ, ಮೀಸೆಗೆ, ಬಾಯಿಗೆ, ಕತ್ತಿಗೆ. ಗಂಟಿಲ್ಲದಂತೆ ಉಜ್ಜಿದೆ.

“ಮೀನಿಗೆ ಮಾತ್ರ ಹಿಡಿಯೋದು ಸಾವ್ಕಾರ್ರೇ. ಹೆದರ್ಬೇಡಿ,” ಎಂದೆ.

ಬಾಲಂಗೋಚಿ ನನ್ನ ಜುಟ್ಟು ಹಿಡಿದು ಎಳೆದ. ಬಜಾರಿ ಅವನ ಕೈ ಕಚ್ಚಿದಳು. ಡಾಕ್ಟರು ಬಾಯಿ ಬಡಿದುಕೊಂಡು ಕೂಗುತ್ತಿದ್ದರು: “ಉಗೀರಿ ಸಾರ್, ಉಗೀರಿ. ನುಂಗ್ಬೇಡಿ. ಸೋಪು ತನ್ರೋ ಯಾರಾದ್ರೂ. ಬೇಗ ತೊಳೀಬೇಕು.” ಸಾವ್ಕಾರ ಕ್ಯಾಕರಿಸಿ ಉಗಿಯುತ್ತ ಹೊರಗಿನ ನಲ್ಲಿಗೆ ಓಡಿದ. ಹಿಂದೆ ಬಾಲಂಗೋಚಿ. ಆಫೀಸಿನಿಂದ ಹೊಸ ಸೋಪು ಬಂತು. ಸಾವ್ಕಾರ ಕಣ್ಣು ಮುಚ್ಚಿಕೊಂಡು ಮುಖಕ್ಕೆಲ್ಲ ನೊರೆ ಬಳಿದುಕೊಂಡ, ತುಟಿಯೊಳಗೂ ತಿಕ್ಕಿಕೊಂಡ.

ಮೈಗೆ ತಾಗಿ ಎರಡು ನಿಮಿಷವೂ ಆಗಿರಲಿಲ್ಲ. ನಾವು ಒಂಬತ್ತು ಜನ ಬಾಗಿಲಲ್ಲಿ ನಿಂತು ನೋಡಿದೆವು.

ತಂಗಿ ನನ್ನ ರಟ್ಟೆ ಬಿಟ್ಟಳು. ಅವಳಿಗೆ ಉತ್ತರ ಸಿಕ್ಕಿತ್ತು. ನೆಟ್ಟಗೆ ಹೋಗಿ ಸಾವ್ಕಾರನ ಕೈಯಿಂದ ಸೋಪು ಕಿತ್ತುಕೊಂಡು, ಅವನನ್ನು ಭುಜದಿಂದ ಪಕ್ಕಕ್ಕೆ ತಳ್ಳಿ, ನಲ್ಲಿಗೆ ಕೈ ಕೊಟ್ಟಳು. ಬೆರಳು, ಉಗುರು ಸಂದಿ, ಮೊಣಕೈ. ತೊಳೆದಳು, ಮತ್ತೆ ಸೋಪು ಹಚ್ಚಿದಳು.

“ಸೋಪು ಕೆಳಗಿಡೇ, ಅದು ಆಫೀಸಿಂದು,” ಎಂದ ಬಾಲಂಗೋಚಿ, ಕಚ್ಚಿಸಿಕೊಂಡ ಕೈ ಹಿಡಿದುಕೊಂಡು.

ಅವಳು ತಿರುಗಲಿಲ್ಲ. “ಡಾಕ್ಟ್ರೇ, ಒಂದು ವರ್ಷದ್ದು ಎಷ್ಟು ಸಲ ತೊಳೆದ್ರೆ ಹೋಗುತ್ತೆ?”

ಡಾಕ್ಟರು ತಮ್ಮ ಬೂಟು ನೋಡಿಕೊಂಡರು. ಅವಳು ಉಜ್ಜುತ್ತಲೇ ಇದ್ದಳು. ಮೊಣಕೈ ಹತ್ತಿರ ಚರ್ಮ ಕೆಂಪಾಗಿ, ಒಂದು ಕಡೆ ಕಿತ್ತು ರಕ್ತ ಬಂತು. ಅವಳ ಹಿಂದೆ ಬಜಾರಿ ಹೋಗಿ ನಿಂತಳು. ಬಜಾರಿಯ ಹಿಂದೆ ನಾನು. ನಮ್ಮ ಹಿಂದೆ ಒಬ್ಬೊಬ್ಬರೇ ಜಾಡಿಯ ಹೆಂಗಸರು.

ಸಾವ್ಕಾರನ ಕಣ್ಣಿಗೆ ನೊರೆ ಇಳಿದಿತ್ತು. ಬಿಡಲೂ ಆಗದೆ, ಮುಚ್ಚಲೂ ಆಗದೆ, “ನೀರು, ನೀರು ಬಿಡ್ರೇ,” ಎಂದು ಗಾಳಿಯಲ್ಲಿ ಕೈಯಾಡಿಸುತ್ತಿದ್ದ. ಆ ಒದ್ದೆ ಕೈ ಬಂದು ನನ್ನ ತೋಳಿಗೆ ತಾಗಿತು.

“ಸಾಲಲ್ಲಿ ನಿಂತ್ಕೋ,” ಎಂದೆ.