ಎರಡು ಒಲೆ, ಐದು ಜನ

ನಾನು ಉಜ್ವಲಾ, ರಾಯಬಾಗ ತಾಲೂಕಿನ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಗಂಟಲು ನನ್ನದು, ಮೆಲ್ಲಗೆ ಮಾತಾಡಲು ಬರುವುದಿಲ್ಲ. ಸಿಟ್ಟಂತೂ ಮೂಗಿನ ತುದಿಯಲ್ಲೇ ಇರುತ್ತದೆ. ಈ ಬೇಸಿಗೆಯಲ್ಲಿ ತವರಿಗೆ ಹೋಗಿ ನಾಲ್ಕು ದಿನ ಹಾಯಾಗಿ ಮಲಗೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಮನೆಗಣತಿಯ ಕೆಲಸ ತಲೆಗೆ ಬಿತ್ತು. ಮೊಬೈಲ್ ಹಿಡಿದು ದಿಗ್ಗೇವಾಡಿಯ ಓಣಿ ಓಣಿ ಸುತ್ತುವುದು, ಮನೆಯಲ್ಲಿ ಎಷ್ಟು ಜನ, ಎಷ್ಟು ಖೋಲಿ, ನೀರು ಎಲ್ಲಿಯದು ಎಂದು ಕೇಳುವುದು. ಜನರು ಉತ್ತರಕ್ಕಿಂತ ಮೊದಲು ಚಹಾ ಕೊಡುತ್ತಾರೆ. ಬೇಡ ಎಂದರೆ ಮುನಿಸು. ಹಾಗಾಗಿ ನಾಲ್ಕು ದಿನದಿಂದ ನಿದ್ದೆ ಇಲ್ಲದೆ ನನ್ನ ತಲೆ ಚಿಟ್ಟು ಹಿಡಿದಿತ್ತು.

ಈ ಕೆಲಸದಲ್ಲಿ ಒಂದು ನಿಯಮ ಎಲ್ಲಕ್ಕಿಂತ ಮೊದಲು. ಒಂದೇ ಸೂರಿನ ಕೆಳಗೆ ಇದ್ದ ಮಾತ್ರಕ್ಕೆ ಒಂದು ಕುಟುಂಬವಲ್ಲ, ಒಂದೇ ಅಡುಗೆಯನ್ನು ಉಣ್ಣುವವರು ಒಂದು ಕುಟುಂಬ. ಒಲೆ ಬೇರೆಯಾದರೆ ಲೆಕ್ಕವೂ ಬೇರೆ. ತರಬೇತಿಯಲ್ಲಿ ಇದನ್ನು ಮೂರು ಸಲ ಹೇಳಿದರು. ನಾಲ್ಕನೇ ಸಲ ಶುರು ಮಾಡಿದಾಗ ನಾನೇ "ತಿಳೀತ್ರಿ ಸರ್" ಎಂದು ಬಾಯಿ ಮುಚ್ಚಿಸಿದ್ದೆ.

ಧನಪಾಲ ಎಂಬ ಜೈನ ರೈತರ ಮನೆಗೆ ನಾನು ಹೋದದ್ದು ಸಂಜೆ ನಾಲ್ಕರ ಬಿಸಿಲಲ್ಲಿ. ಗೇಟು ತೆರೆಯುವ ಮೊದಲೇ ಅವರ ಸೊಸೆ ಮನೀಷಾ ಓಡಿಬಂದು ನನ್ನನ್ನು ತಡೆದಳು.

"ಅಕ್ಕೋರ, ಒಂದು ಮಾತು. ನಮ್ಮ ಮಾವಾರ ಅವ್ವ ಅದಾರಲ್ರಿ, ಆಯಿ, ಅವರನ್ನ ಬ್ಯಾರೆ ಬರೀಬ್ಯಾಡ್ರಿ. ಎಲ್ಲಾರ ಜೋಡಿ ಸೇರಿಸಿಬಿಡ್ರಿ, ನಿಮ್ಮ ಕಾಲ ಬೀಳ್ತೀನಿ."

"ಯಾಕ ಬೇ, ಏನಾಗೈತಿ?"

"ಆಯಿ ವ್ರತಾ ಹಿಡಿದಾರ್ರಿ, ಬ್ಯಾರೆ ಒಲಿ ಮ್ಯಾಲ ತಾವಽ ಅಡಗಿ ಮಾಡ್ಕೋತಾರ. ಊರ ಮಂದಿ, ಈ ಹುಡುಗಿ ಬಂದ ಮ್ಯಾಲ ಮನಿ ಒಡೀತು ಅಂತಾರ. ಈಗ ಸರ್ಕಾರದ ಲೆಕ್ಕದಾಗೂ ಎರಡು ಮನಿ ಅಂತ ಬಿತ್ತಂದ್ರ ನಾ ಎಲ್ಲಿ ಮಾರಿ ತೋರಸ್ಲಿ?"

ಈ ಹುಡುಗಿಯ ವಿಷಯ ನನಗೂ ಅಷ್ಟಿಷ್ಟು ಗೊತ್ತಿತ್ತು. ಮುಗಳಖೋಡದ ಒಕ್ಕಲುತನದ ಮನೆಯವಳು, ಜೈನಳಲ್ಲ. ಅಥಣಿಯ ಕಾಲೇಜಿನಲ್ಲಿ ಧನಪಾಲರ ಮಗ ಸನ್ಮತಿಯ ಜೊತೆ ಓದಿ, ಎರಡೂ ಮನೆಯವರ ಕೈಲಿ ಬೈಸಿಕೊಂಡು, ಅವನನ್ನೇ ಮದುವೆಯಾಗಿ ಮೂರು ವರ್ಷವಾಗಿತ್ತು. ನಿಯಮ ಎಂದರೆ ನಿಯಮ ಎನ್ನುವ ಹೆಂಗಸು ನಾನು. ಆದರೆ ಅವಳ ಮುಖ ನೋಡಿದ ಮೇಲೆ ನಿಯಮ ಹಿಂದೆ ಸರಿಯಿತು. ಹಾಳಾಗಿ ಹೋಗಲಿ, ಎಲ್ಲರದೂ ಒಂದೇ ಕುಟುಂಬ ಎಂದು ಬರೆದು ಎದ್ದುಬಿಡೋಣ ಎಂದು ನಿಶ್ಚಯಿಸಿಕೊಂಡೇ ಒಳಗೆ ಹೋದೆ.

ಧನಪಾಲರು ತೂಗುಮಂಚದಿಂದ ಇಳಿದು, ಶಾಲೆಯ ಹುಡುಗರು ಬಾಯಿಪಾಠ ಒಪ್ಪಿಸುವ ಹಾಗೆ ಒಂದೇ ಉಸಿರಿಗೆ ಹೇಳಿದರು. "ಬರ್ಕೋರಿ ಅಕ್ಕೋರ. ನಾನು, ನನ್ನ ಹೇಣ್ತಿ ತ್ರಿಶಲಾ, ಮಗ ಸನ್ಮತಿ, ಸೊಸಿ ಮನೀಷಾ, ನಮ್ಮವ್ವ ಕಸ್ತೂರೆವ್ವ. ಐದು ಮಂದಿ. ಒಂದಽ ಮನಿ, ಒಂದಽ ಅಡಗಿ."

"ಧನಪಾಲ!" ಎಂದು ಹಿಂದಿನ ಖೋಲಿಯಿಂದ ದನಿ ಬಂತು. "ಅಕ್ಕೋರು ಏನ ಕೇಳಿದ್ರು, ನೀ ಏನ ಹೇಳ್ದಿ?"

ಕಸ್ತೂರೆವ್ವ ಬಂದು ಬಾಗಿಲಲ್ಲಿ ನಿಂತರು. ಬಿಳಿ ಸೀರೆ, ಎಪ್ಪತ್ತೆಂಟು ವರ್ಷ, ಬೆನ್ನು ಮಾತ್ರ ನನ್ನದಕ್ಕಿಂತ ನೆಟ್ಟಗಿತ್ತು. "ಏನಿಲ್ರಿ ಆಯಿ, ಮಂದಿ ಎಷ್ಟು ಅಂತ ಕೇಳಿದೆ" ಎಂದು ತೇಲಿಸಲು ನೋಡಿದೆ. ಅವರು ಬಿಡಲಿಲ್ಲ. ನಿಯಮ ಓದಿ ಹೇಳಿರೆಂದರು. ಓದಿದೆ.

"ಹಂಗಾದ್ರ ನಾ ಬ್ಯಾರೆ. ಎರಡು ಮನಿ ಅಂತ ಬರೀರಿ."

"ಅವ್ವಾ, ವ್ರತಕ್ಕಂತ ಒಂದು ತುತ್ತು ಬ್ಯಾರೆ ಬೇಯಿಸ್ಕೋತಿ, ಅದಕ್ಕ ಯಾರರ ಎರಡು ಮನಿ ಅಂತಾರೇನು?" ಧನಪಾಲರು ಕೈ ಮುಗಿದರು.

"ಉಣ್ಣೂದು ಬ್ಯಾರೆ ಹೌದೋ ಅಲ್ಲೋ? ಸುಳ್ಳು ಹೇಳಬಾರದಂತನೂ ವ್ರತಾ ಐತಿ ನಂದು."

ಚಹಾದ ತಟ್ಟೆ ಹಿಡಿದು ಬಂದಿದ್ದ ಮನೀಷಾ ಅಲ್ಲೇ ನಿಂತುಬಿಟ್ಟಳು. ಅವಳ ಮುಖ ನೋಡಿದ್ದೇ ತಡ, ನನ್ನ ಸಿಟ್ಟು ನೆತ್ತಿಗೇರಿತು. ಈ ಮುದುಕಿಗೆ ಒಂದು ಸಣ್ಣ 'ಹೂಂ' ಎನ್ನಲು ಏನು ಧಾಡಿ?

"ಅಷ್ಟು ಖರೇ ಮಾತಾಡೋರು, ಯಾವಾಗಿಂದ ಬ್ಯಾರೆ, ಯಾಕ ಬ್ಯಾರೆ, ಅದನ್ನೂ ಖರೇ ಹೇಳಿಬಿಡ್ರಿ!" ಎಂದುಬಿಟ್ಟೆ.

ಹಾಗೊಂದು ಪ್ರಶ್ನೆ ಮೊಬೈಲ್‌ನಲ್ಲಿ ಇರಲೇ ಇಲ್ಲ. ನಾಲಿಗೆ ಕಚ್ಚಿಕೊಂಡೆ, ಆದರೆ ಆಡಿದ್ದು ಆಡಿಯಾಗಿತ್ತು.

"ಇಕಿ ಮನಿಗೆ ಬಂದ ಮರುದಿನದಿಂದ" ಎಂದರು ಕಸ್ತೂರೆವ್ವ. "ವ್ರತಾ ಸುಳ್ಳಲ್ಲ, ಮುನಿಮಹಾರಾಜರ ಮುಂದ ತಗೊಂಡೀನಿ. ಆದ್ರ ಆ ದಿನಾ ಒಲಿ ಹೂಡಿದ್ದು ಸಿಟ್ಟಿಗೆ. ಇಕೀ ಕೈಯಾಂದು ಉಣ್ಣಬಾರದಂತ ಹೂಡಿದೆ."

ಮನೀಷಾ ತಟ್ಟೆಯನ್ನು ಕೆಳಗಿಟ್ಟು, "ನಂಗ ಗೊತ್ತಿತ್ತು ಆಯಿ" ಎಂದಳು. ಅಷ್ಟೇ. ಅಳಲಿಲ್ಲ, ಬೈಯಲಿಲ್ಲ. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಇದೆಲ್ಲ ನನ್ನ ಬಾಯಿಂದಲೇ ಆದದ್ದಲ್ಲವೇ ಎಂದು ನಾಚಿಕೆಯಿಂದ ಸತ್ತುಹೋದೆ.

ಇನ್ನೇನು ಮಾಡುವುದು? ತಲೆ ತಗ್ಗಿಸಿಕೊಂಡು ಆಯಿಯ ಹೆಸರಿನಲ್ಲಿ ಬೇರೆ ಕುಟುಂಬ ತೆರೆದು ಪ್ರಶ್ನೆ ಕೇಳತೊಡಗಿದೆ. ಖೋಲಿ ಎಷ್ಟು? ಒಂದು. ಮುಖ್ಯವಾಗಿ ಉಣ್ಣುವ ಧಾನ್ಯ? ಜೋಳ. ಕುಡಿಯುವ ನೀರು ಎಲ್ಲಿಯದು?

"ಹಿತ್ತಲ ಬಾವೀದು" ಎಂದರು ಆಯಿ. "ನಳದ ನೀರು ನಂಗ ನಡಿಯೂದಿಲ್ಲ. ತ್ರಿಶಲಾ ಮುಂಜಾನೆ ಮಡಿಲೆ ಸೇದಿ, ಸೋಸಿ, ನನ್ನ ಕೊಡದಾಗ ತುಂಬಿ ಇಡ್ತಾಳ."

ಅಲ್ಲಿಯವರೆಗೆ ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದ ತ್ರಿಶಲಾ ಮೊದಲ ಸಲ ಬಾಯಿ ತೆರೆದರು. "ಅತ್ತಿ, ನನ್ನ ಬಲಗೈ ತೋಳು ಹಿಡದು ಎರಡು ವರ್ಷಾತು. ತಲಿ ಬಾಚ್ಕೊಳ್ಳಾಕ ಬರಂಗಿಲ್ಲ, ಇನ್ನ ಹಗ್ಗಾ ಎಲ್ಲಿ ಜಗ್ಗಲಿ?"

"ಮತ್ತ ನೀರು?"

ತ್ರಿಶಲಾ ಸೊಸೆಯ ಕಡೆ ನೋಡಿದರು. ಈಗ ಮನೀಷಾ ಗಾಬರಿಯಾದಳು. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ, "ಐದಕ್ಕ ಎದ್ದು ಜಳಕಾ ಮಾಡಿ, ಹಸೀ ಸೀರಿಲೇ ಸೇದ್ತೀನ್ರಿ ಆಯಿ. ತಪ್ಪಾಗಿದ್ರ ಕ್ಷಮಿಸ್ರಿ" ಎಂದಳು.

ಇನ್ನು ಮುಗಿಯಿತು, ವ್ರತ ಕೆಟ್ಟಿತೆಂದು ಮುದುಕಿ ರಂಪ ಮಾಡುತ್ತಾರೆ ಎಂದುಕೊಂಡೆ. ಅವರು ಮಾಡಲಿಲ್ಲ. ಮೆಲ್ಲಗೆ ಕೇಳಿದರು, "ಸೋಸಿದ ಮ್ಯಾಲ ಅರಿವ್ಯಾಗ ಉಳದ ನೀರು ಏನ ಮಾಡ್ತಿ?"

"ತಿರುಗಿ ಬಾವಿಗೇ ಬಿಡ್ತೀನ್ರಿ."

"ಮ್ಯಾಲಿಂದ ಸುರುವ್ತಿ?"

"ಇಲ್ರಿ ಆಯಿ. ಬಕೀಟು ನೀರ ಮುಟ್ಟೂತನಾ ಇಳಿಸಿ ಮೆಲ್ಲಕ ಹೊಳ್ಳಸ್ತೀನಿ. ಮ್ಯಾಲಿಂದ ಸುರುವಿದ್ರ ಅದರಾಗಿನ ಸಣ್ಣ ಜೀವ ಸಾಯ್ತಾವಂತ ಅತ್ತಿ ಹೇಳ್ಯಾರ. ಬ್ಯಾಸಗ್ಯಾಗ ನೀರು ಭಾಳ ಕೆಳಗ ಹೋಗ್ತೈತಿ, ಹೊತ್ತು ಹಿಡೀತೈತಿ ಅಷ್ಟಽ."

ಕಸ್ತೂರೆವ್ವ ಗೋಡೆ ಹಿಡಿದು ಕುಳಿತುಬಿಟ್ಟರು. ಕಣ್ಣು ತುಂಬಿತ್ತು. "ಎರಡು ವರ್ಷ ಇಕಿ ಸೇದಿದ ನೀರ ಕುಡದೀನಿ. ಅದಽ ನೀರಾಗ ಹಿಟ್ಟ ನಾದೀನಿ. ಮತ್ತ ಇಕೀ ಕೈಯಾಂದು ಉಣ್ಣಂಗಿಲ್ಲಂತ ಗೋಡೀ ಕಡೆ ಮಾರಿ ಮಾಡಿ ಕುಂತೀನಿ. ಎಂಥಾ ಹುಚ್ಚ ಮುದುಕಿ ನಾ!"

"ಹಂಗಾದ್ರ ಒಂದಽ ಮನಿ ಅಂತ ಬರೀಲೇನ್ರಿ?" ಎಂದೆ ಆಸೆಯಿಂದ.

"ಬ್ಯಾಡ್ರಿ. ನಂದು ದಿನಕ್ಕ ಒಂದಽ ಊಟ, ಇವತ್ತಿಂದು ಆಗಿ ಹೋಗೈತಿ. ಇವತ್ತ ಬರದ್ರ ಸುಳ್ಳಾಗ್ತೈತಿ. ನಾಳೆ ಹತ್ತಕ್ಕ ಬರ್ರಿ."

ಒಂದೇ ಮನೆಗೆ ಎರಡು ಸಲ ಬಾ ಎಂದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಅವತ್ತು ಮಾತ್ರ "ಹೂಂ ರಿ ಆಯಿ" ಎಂದು, ತುಂಬಿದ್ದನ್ನು ಅಳಿಸಿ ಎದ್ದುಬಂದೆ.

ಮರುದಿನ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋದೆ. ದೊಡ್ಡ ಅಡುಗೆಮನೆಯಲ್ಲಿ ತ್ರಿಶಲಾ ಎಡಗೈಯಿಂದ ಉಳ್ಳಾಗಡ್ಡಿ ಹೆಚ್ಚುತ್ತ ಒದ್ದಾಡುತ್ತಿದ್ದರು. ಹಿಂದಿನ ಖೋಲಿಯಲ್ಲಿ, ಆಯಿಯ ಸಣ್ಣ ಒಲೆಯ ಮುಂದೆ, ಹಸಿ ಸೀರೆಯಲ್ಲಿ ಮನೀಷಾ ಭಕ್ರಿ ಬಡಿಯುತ್ತಿದ್ದಳು. ಆಯಿ ಮಣೆಯ ಮೇಲೆ ಕುಳಿತು, "ದಂಡಿಗೆ ದಪ್ಪ ಬಿಟ್ಟಿ ನೋಡು, ಒತ್ತು" ಎಂದು ಹೇಳುತ್ತಿದ್ದರು. ಎದುರಿಗೆ ಎರಡು ತಾಟು.

ಮನೀಷಾ ಭಕ್ರಿ ನೀಡಿದಳು. ಆಯಿ ಕೈ ಮುಗಿದು, ತುತ್ತು ಮುರಿದು ಬಾಯಿಗಿಟ್ಟುಕೊಂಡರು. ಆಮೇಲೆ ಇನ್ನೊಂದು ತಾಟನ್ನು ಮನೀಷಾಳ ಕಡೆ ಸರಿಸಿ, "ನೀನೂ ಕುಂಡ್ರು, ಇನ್ನ ಮ್ಯಾಲ ನಂದೂ ನಿಂದೂ ಇಲ್ಲೇ ಊಟ" ಎಂದರು.

ಬಾಗಿಲಲ್ಲಿ ನಿಂತಿದ್ದ ಧನಪಾಲರಿಗೆ ಹಿಗ್ಗೋ ಹಿಗ್ಗು. "ಅಕ್ಕೋರ, ಐದೂ ಮಂದೀನ್ನ ಒಂದಽ ಮನ್ಯಾಗ ಬರೀರಿ!"

"ಏ, ತಡಿ" ಎಂದರು ಆಯಿ. "ನನ್ನ ವ್ರತಕ್ಕ ಉಳ್ಳಾಗಡ್ಡಿ ನಡಿಯಂಗಿಲ್ಲ, ನಿಂಗ ಅದಿಲ್ಲದ ತುತ್ತು ಇಳಿಯಂಗಿಲ್ಲ. ನೀನು, ತ್ರಿಶಲಾ, ಸನ್ಮತಿ, ಮೂರೂ ಮಂದಿ ಆ ಒಲಿಗೆ. ನಾವಿಬ್ಬರು ಈ ಒಲಿಗೆ. ಎರಡು ಮನಿ ಖರೇ ಐತಿ, ಎರಡಽ ಬರೀರಿ."

"ಅಯ್ಯೋ, ಸನ್ಮತೀನ್ನ ಹೇಣ್ತಿ ಬಿಟ್ಟು ಬ್ಯಾರೆ ಬರೀಲೇನ್ರಿ?" ಎಂದೆ ನಾನು.

"ಅವಗ ಹೇಣ್ತಿ ಬೇಕಿದ್ರ ಉಳ್ಳಾಗಡ್ಡಿ ಬಿಟ್ಟು ಬರಲಿ!"

ತ್ರಿಶಲಾ ಅಲ್ಲಿಂದಲೇ ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ಮನೀಷಾಳ ಕಡೆ ತಿರುಗಿ, "ಎರಡು ಬರೀಬ್ಯಾಡ್ರಿ ಅಂದಿದ್ದಿ ಅಲ್ಲ, ಏನ ಮಾಡ್ಲಿ?" ಎಂದೆ. ಅವಳ ಬಾಯಲ್ಲಿ ತುತ್ತಿತ್ತು, ಕಣ್ಣಲ್ಲಿ ನೀರಿತ್ತು. ಬರೀರಿ ಎಂದು ತಲೆಯಾಡಿಸಿದಳು.

ಮೂರು ಜನರದ್ದು ಮುಗಿಸಿ, ಸಣ್ಣ ಒಲೆಯ ಕುಟುಂಬ ತೆರೆದೆ. ಮೊಬೈಲ್ ಮೊದಲಿಗೇ ಯಜಮಾನರ ಹೆಸರು ಕೇಳುತ್ತದೆ. ಇದರಲ್ಲಿ ಕೇಳುವುದೇನು ಎಂದು 'ಕಸ್ತೂರೆವ್ವ' ಎಂದು ಒತ್ತತೊಡಗಿದೆ.

"ಯಾರ ಹೆಸರ ಬರಿಯಾಕತ್ತೀರಿ?" ಎಂದರು ಆಯಿ.

"ನಿಮ್ಮದಽರಿ. ಮನೀ ಯಜಮಾನರದು."

"ಅಳಿಸ್ರಿ. ನೀರ ಸೇದಾಕಿ ಇಕಿ, ಅಡಗಿ ಮಾಡಾಕಿ ಇಕಿ. ನಾ ಇಕೀ ಮನ್ಯಾಗ ಉಣ್ಣಾಕಿ. ಮನೀಷಾ ಅಂತ ಬರೀರಿ."

ಮನೀಷಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಮೂರು ವರ್ಷದ್ದೆಲ್ಲ ಸೇರಿಸಿ ಒಮ್ಮೆಗೇ ಅತ್ತಳು. ನನ್ನ ಕನ್ನಡಕವೂ ಮಬ್ಬಾಯಿತು. ಅಕ್ಷರ ಕಾಣದೆ ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಅವಳ ಹೆಸರು ಸರಿಯಾಗಿ ಬರೆದೆ. ಆಯಿ ಖಾಲಿ ತಾಟನ್ನು ಮುಂದೆ ಹಿಡಿದರು.

"ಅಳೂದು ಸಾಕು ಬೇ. ಇನ್ನೊಂದು ಭಕ್ರಿ ನೀಡು."